ಮಲಿಕ್-ಎ-ಮೈದಾನ್ ತೋಪಿನ ಕುರಿತು ವಿಜಯಪುರದ ಜನರಿಗೂ ಆಡಳಿತಕ್ಕೂ ಒಂದು ಬಹಿರಂಗ ಪತ್ರ

ವಿಜಯಪುರದ ನಾಗರಿಕರಿಗೆ, ಜಿಲ್ಲಾಡಳಿತಕ್ಕೆ ಹಾಗೂ ನಮ್ಮೂರ ಸ್ಮಾರಕಗಳನ್ನು ಕಾಯುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅಧಿಕಾರಿಗಳಿಗೆ,

ಮಾನ್ಯರೇ,

ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಬಗ್ಗೆ ಮತ್ತೆ ಮಾತು ಎದ್ದಿದೆ. ಚಹಾದಂಗಡಿಯ ಕಟ್ಟೆಯಿಂದ ಹಿಡಿದು ವಾಟ್ಸಾಪ್ ಗುಂಪುಗಳವರೆಗೆ ಎರಡು ವಾದಗಳು ಓಡಾಡುತ್ತಿವೆ. ವಿಜಯನಗರವನ್ನು ಹಾಳುಗೆಡವಿದವರ ಆಯುಧವನ್ನು ಸುತ್ತ ಹುಲ್ಲು ಬೆಳೆಸಿ ಮೆರೆಸುವುದು ಏಕೆ, ಎತ್ತಿ ಎಲ್ಲಾದರೂ ಒಂದು ಮೂಲೆಗೆ ಹಾಕಿ ಎನ್ನುವುದು ಒಂದು ವಾದ. ತಾಳಿಕೋಟೆಯ ಮಾತೇ ಬೇಡ, ಬಲು ದೊಡ್ಡ ತೋಪು ಎಂದಷ್ಟೇ ಹೇಳಿ ಪ್ರವಾಸಿಗರನ್ನು ಕರೆಯೋಣ, ಹಳೆಯ ಗಾಯ ಕೆದಕುವುದು ಏಕೆ ಎನ್ನುವುದು ಇನ್ನೊಂದು. ನಾನು ಇದೇ ಜಿಲ್ಲೆಯ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಎರಡೂ ವಾದ ನನಗೆ ಒಪ್ಪಿಗೆಯಿಲ್ಲ. ತೋಪು ಇದ್ದಲ್ಲಿಯೇ ಇರಬೇಕು. ಅದರ ಮೈಮೇಲೆ ಕೊರೆದದ್ದೆಲ್ಲ ಅದರ ಮಗ್ಗುಲಲ್ಲೇ ಕನ್ನಡದಲ್ಲಿ ಓದಲು ಸಿಗಬೇಕು. ಅದು ಯಾರ ಮೇಲೆ ಹಾರಿತೆಂದು ಜನ ನಂಬಿಕೊಂಡು ಬಂದಿದ್ದಾರೋ ಆ ಮಾತೂ ಅಲ್ಲಿಯೇ ಇರಬೇಕು. ಇದನ್ನು ಕೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ತೋಪನ್ನೇ ನೋಡೋಣ. ಜಗಳವಾಡುವವರಲ್ಲಿ ಎಷ್ಟೋ ಮಂದಿ ಬುರುಜಿನ ಮೆಟ್ಟಿಲು ಹತ್ತಿ ಬಹಳ ವರ್ಷಗಳಾಗಿರಬೇಕು. ಊರಿನ ಪಶ್ಚಿಮದ ಕೋಟೆಗೋಡೆಯ ಮೇಲೆ ಅದು ಕುಳಿತಿದೆ. ಉದ್ದ 14 ಅಡಿಗೂ ಮಿಕ್ಕಿ, ಹೊರಗಿನ ಅಡ್ಡಳತೆ ಸುಮಾರು 5 ಅಡಿ, ಗುಂಡು ತುಂಬುವ ಬಾಯಿಯ ಅಗಲ 2 ಅಡಿಗೂ ಹೆಚ್ಚು, ತೂಕ ಸುಮಾರು 55 ಟನ್. ನಾಲ್ಕು ಪಾಲು ತಾಮ್ರಕ್ಕೆ ಹೆಚ್ಚುಕಡಿಮೆ ಒಂದು ಪಾಲು ತವರ ಬೆರೆಸಿ ಎರಕ ಹೊಯ್ದದ್ದು. ಗಂಟೆ ಎರೆಯಲು ಬಳಸುವ ಕಂಚೂ ಇದೇ. ಅದಕ್ಕೇ ಬೆರಳಿನ ಗೆಣ್ಣಿನಿಂದ ತಟ್ಟಿದರೂ ನಾದ ಹೊರಡುತ್ತದೆ. ಬಾಯಿಯನ್ನು ಸಿಂಹದ ಮುಖವಾಗಿ ಮಾಡಿದ್ದಾರೆ. ದವಡೆ ಅಗಲಿಸಿದ ಸಿಂಹ. ಬಗ್ಗಿ, ದವಡೆಯ ಪಕ್ಕಕ್ಕೆ ಮುಖ ತಂದು ನೋಡಿದರೆ ಹಲ್ಲಿನ ನಡುವೆ ಒಂದು ಪುಟ್ಟ ಆನೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಸೆಲ್ಫಿ ತೆಗೆದುಕೊಂಡು ಇಳಿದು ಹೋಗುವವರ ಕಣ್ಣಿಗೆ ಈ ಆನೆ ಬೀಳುವುದೇ ಇಲ್ಲ. ಮನುಷ್ಯರನ್ನು ಕೊಲ್ಲುವ ಒಂದು ವಸ್ತುವಿಗೆ ಇಷ್ಟು ನಾಜೂಕಿನ ಕೆಲಸ ಮಾಡಿದ ಎರಕಗಾರನ ಕೈಯನ್ನು ನಾನು ಮೆಚ್ಚುತ್ತೇನೆ, ಅವನು ಮಾಡಿದ್ದರ ಉದ್ದೇಶಕ್ಕೆ ಅಂಜುತ್ತೇನೆ. ಎರಡನ್ನೂ ಒಟ್ಟಿಗೇ ಹೇಳಲು ನಮಗೆ ಬರಬೇಕು.

ಶಾಲೆಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಸಿಂಹದ ಹಲ್ಲಿನ ಮೇಲೆ ಕೈಯಾಡಿಸುತ್ತ, "ಸರ, ಈ ತೋಪು ನಮ್ಮವ್ರದೇನ್ರಿ, ಅವ್ರದೇನ್ರಿ?" ಎಂದು ಕೇಳಿದಳು. ಯಾರು ನಮ್ಮವರು, ಯಾರು ಅವರು ಎಂದು ಮರುಪ್ರಶ್ನೆ ಹಾಕಿ ಬಾಯಿ ಮುಚ್ಚಿಸುವುದು ಸುಲಭವಿತ್ತು, ಆದರೆ ಆಕೆ ಕೇಳಿದ್ದು ಊರಿನ ಪ್ರಶ್ನೆಯನ್ನೇ. ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ತೋಪಿನ ಮೇಲಿನ ಬರಹಗಳನ್ನು ಒಂದೊಂದಾಗಿ ತೋರಿಸಿ ಅರ್ಥ ಹೇಳಿದೆ. ಎಲ್ಲ ಕೇಳಿದ ಮೇಲೆ ಅವಳೇ ಅಂದಳು: "ಹಂಗಾದ್ರ ಯಾರು ಗೆಲ್ತಾರ ಅವ್ರದು ಅನ್ರಿ."

ಅವಳಿಗೆ ನಾನು ಹೇಳಿದ ಸಂಗತಿಯನ್ನೇ ಇಲ್ಲಿ ಬರೆಯುತ್ತೇನೆ.

ಈ ತೋಪು ಹುಟ್ಟಿದ್ದು ವಿಜಯಪುರದಲ್ಲಿ ಅಲ್ಲ, ಅಹಮದನಗರದಲ್ಲಿ. ಹಿಜರಿ 956, ಅಂದರೆ ಕ್ರಿ.ಶ. 1549ರಲ್ಲಿ ನಿಜಾಮಶಾಹಿ ಸುಲ್ತಾನನಿಗಾಗಿ ಮುಹಮ್ಮದ್ ರೂಮಿ ಎಂಬ ಎರಕಗಾರ ಇದನ್ನು ಹೊಯ್ದ. ರೂಮಿ ಎಂದರೆ ತುರ್ಕರ ನಾಡಿನ ಕಡೆಯವನು. ಒಡೆಯನ ಹೆಸರು, ಎರಕಗಾರನ ಹೆಸರು, ಇಸವಿ ಎಲ್ಲವೂ ಲೋಹದ ಮೇಲೇ ಇವೆ. ಆ ಹೊತ್ತಿಗೆ ಅಹಮದನಗರಕ್ಕೂ ನಮ್ಮ ಆದಿಲಶಾಹಿಗೂ ಸೊಲ್ಲಾಪುರದ ಕೋಟೆಯ ಸಲುವಾಗಿ ಹಗೆ ಇತ್ತು, ಯುದ್ಧದ ಮೇಲೆ ಯುದ್ಧ ನಡೆದಿತ್ತು. ಅಂಥ ಕಾಲದಲ್ಲಿ ಅಹಮದನಗರ ಮಾಡಿಸಿಕೊಂಡ ತೋಪು ಯಾರ ಎದೆಗೆ ಗುರಿ ಇಟ್ಟುಕೊಂಡಿದ್ದೀತು? ಇದೇ ಊರಿನವರ ಎದೆಗೂ ಹೌದು. ವಿಜಯಪುರದ ಹೆಮ್ಮೆ ಎಂದು ನಾವು ಕರೆಯುವ ವಸ್ತುವಿನ ಮೊದಲ ವೈರಿಗಳಲ್ಲಿ ವಿಜಯಪುರವೂ ಒಂದು.

ಆಮೇಲೆ ತಾಳಿಕೋಟೆ. 1565ರ ಜನವರಿ 23. ವಿಜಯಪುರ, ಅಹಮದನಗರ, ಗೋಲ್ಕೊಂಡ, ಬೀದರ ಈ ನಾಲ್ಕೂ ಸುಲ್ತಾನಶಾಹಿಗಳು ವಿಜಯನಗರದ ವಿರುದ್ಧ ಒಂದಾದವು. ಅಹಮದನಗರದ ಚಾಂದಬೀಬಿಯನ್ನು ನಮ್ಮ ಮೊದಲನೆಯ ಅಲಿ ಆದಿಲ್ ಶಾಹನಿಗೆ ಕೊಟ್ಟು, ಬಳುವಳಿಯಾಗಿ ಸೊಲ್ಲಾಪುರ ಕೋಟೆ ಬಿಟ್ಟುಕೊಟ್ಟು ಬೀಗತನ ಬೆಳೆಸಿದರು. ಇದೇ ಅಲಿ ಹಿಂದೊಮ್ಮೆ ವಿಜಯನಗರಕ್ಕೆ ಹೋಗಿ, ಅಲ್ಲಿಯ ಆಡಳಿತ ನಡೆಸುತ್ತಿದ್ದ ರಾಮರಾಯನ ಮನೆಯಲ್ಲಿ ಮಗನಂತೆ ಉಪಚಾರ ಪಡೆದು ಬಂದವನು. ರಾಮರಾಯ ಸಹ ಅದೇ ಅಲಿಯನ್ನು ಕೂಡಿಕೊಂಡು ಅಹಮದನಗರದ ಸೀಮೆಗೆ ದಂಡು ಒಯ್ದು ಹಾಳುಮಾಡಿ ಬಂದಿದ್ದ. ಇಷ್ಟೆಲ್ಲ ಆದ ಮೇಲೆ ಕೃಷ್ಣೆಯ ದಂಡೆಯಲ್ಲಿ ರಾಮರಾಯನ ತಲೆ ಕತ್ತರಿಸಲಾಯಿತು, ವಿಜಯನಗರ ಪಟ್ಟಣ ಲೂಟಿಯಾಗಿ ಪಾಳುಬಿತ್ತು. ಆ ಕಾಳಗದಲ್ಲಿ ಅಹಮದನಗರದ ತೋಪುಗಳಿಗೆ ಗುಂಡಿನ ಬದಲು ತಾಮ್ರದ ದುಡ್ಡು ತುಂಬಿ ಹೊಡೆದರೆಂದು ಇದೇ ಆದಿಲಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಸ್ತಾ ಬರೆದಿದ್ದಾನೆ. ಆ ತೋಪುಗಳ ಸಾಲಿನಲ್ಲಿ ಮಲಿಕ್-ಎ-ಮೈದಾನೂ ಇತ್ತೆಂಬುದು ತಲೆತಲಾಂತರದ ಹೇಳಿಕೆ. ಲೋಹದ ಮೇಲೆ ಕೊರೆದದ್ದು ದಾಖಲೆ, ಇದು ಹೇಳಿಕೆ. ಫಲಕ ಬರೆಯುವವರು ಎರಡನ್ನೂ ಬರೆಯಲಿ, ಬೇರೆಬೇರೆಯಾಗಿ ಬರೆಯಲಿ.

ಯುದ್ಧ ಮುಗಿದು ಮುಕ್ಕಾಲು ಶತಮಾನದ ಸಮೀಪ ಬಂದಾಗ, 1632ರಲ್ಲಿ, ತೋಪು ನಮ್ಮೂರಿಗೆ ಬಂತು. ಅಹಮದನಗರದ ಕೈಯಲ್ಲಿದ್ದ ಪರಾಂಡಾ ಕೋಟೆಯಿಂದ, ಯುದ್ಧದ ಗೆಲುವಿನ ಗುರುತಾಗಿ. ತಂದವನು ಮುರಾರಿ ಪಂಡಿತ, ಮುಹಮ್ಮದ್ ಆದಿಲ್ ಶಾಹನ ಆಸ್ಥಾನದ ಬ್ರಾಹ್ಮಣ ಸರದಾರ. 400 ಎತ್ತು, 10 ಆನೆ, ನೂರಾರು ಆಳು ಹಿಡಿಸಿ ಎಳೆಸಿದರೆಂದು ಹೇಳುತ್ತಾರೆ. ಎರೆಮಣ್ಣಿನ ಸೀಮೆಯ ಜನರಾದ ನಮಗೆ ಆ ದಾರಿ ಎಂಥದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಬರಿಯ ಚಕ್ಕಡಿ ಅಚ್ಚಿನವರೆಗೆ ಹೂತುಹೋಗುವ ನೆಲ. ಆ ಆಳುಗಳ ಹೆಸರು ಎಲ್ಲಿಯೂ ಇಲ್ಲ. ಮುರಾರಿ ಪಂಡಿತನೂ ಮುಂದೆ ಅದೇ ಆಸ್ಥಾನದ ಒಳಜಗಳದಲ್ಲಿ ಪ್ರಾಣ ಕಳೆದುಕೊಂಡ.

ಕೊನೆಯ ಬರಹ ಔರಂಗಜೇಬನದು. ವರುಷಕ್ಕೂ ಮೇಲೆ ಮುತ್ತಿಗೆ ಹಾಕಿ 1686ರಲ್ಲಿ ಅವನು ವಿಜಯಪುರವನ್ನು ಗೆದ್ದ. ಸಿಕಂದರ ಆದಿಲ್ ಶಾಹ ಶರಣಾದ, ರಾಜ್ಯ ಅಲ್ಲಿಗೆ ಮುಗಿಯಿತು, ಊರು ಬಣಗುಟ್ಟತೊಡಗಿತು. ಗೆದ್ದವನು ತೋಪಿನ ಮೇಲೆ ಆಲಂಗೀರ್ ಘಾಜಿ, ಅಂದರೆ ತಾನು, ಬಿಜಾಪುರವನ್ನು ವಶಪಡಿಸಿಕೊಂಡನೆಂದು, ಮಲಿಕ್-ಎ-ಮೈದಾನ್ ಅವನ ಕೈಸೇರಿತೆಂದು ಕೊರೆಸಿದ. ಹಿಜರಿ 1097. ನಮ್ಮೂರಿನ ಸೋಲು ನಮ್ಮೂರಿನ ಅತಿ ಹೆಸರಾದ ತೋಪಿನ ಮೇಲೇ ಬರೆದಿದೆ. ಅಲ್ಲಿ ಸೋತವನೂ ಮುಸಲ್ಮಾನ, ಗೆದ್ದವನೂ ಮುಸಲ್ಮಾನ.

ಇದನ್ನೆಲ್ಲ ಹೇಳಿ ನಾನು ತಾಳಿಕೋಟೆಯ ನೋವನ್ನು ತೇಲಿಸಿಬಿಡುತ್ತಿದ್ದೇನೆಂದು ಯಾರೂ ತಿಳಿಯಬಾರದು. ಹಂಪಿಗೆ ಹೋಗಿ ವಿಠ್ಠಲನ ಗುಡಿಯ ಮುಂದೆ ನಿಂತ ಪ್ರತಿಯೊಬ್ಬ ಕನ್ನಡಿಗನಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನಗೂ ಆಗಿದೆ. ತಾಳಿಕೋಟೆಯ ಗೆಲುವಿನ ಸಂಪತ್ತು ನಮ್ಮೂರಿನ ಕೋಟೆಗೋಡೆಗೆ, ಜಾಮಿಯಾ ಮಸೀದಿಗೆ ಹರಿದುಬಂತು. ನಾವು ದಿನಾ ಓಡಾಡುವ ಕಲ್ಲುಗಳಲ್ಲಿ ಆ ಪಟ್ಟಣದ ಹಣವಿದೆ. ಆ ನೋವನ್ನು ಮರೆಯಿರಿ ಎನ್ನುವವರ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಆದರೆ ತೋಪನ್ನು ಎತ್ತಿಹಾಕಿದರೆ ನೋವಿಗೆ ಇದ್ದ ಒಂದು ಸಾಕ್ಷಿ ಹೋಗುತ್ತದೆ, ಅಷ್ಟೇ.

ಕಿತ್ತೂರಿನದೇ ಉದಾಹರಣೆ ತೆಗೆದುಕೊಳ್ಳಿ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಕಂಪನಿ ಸರಕಾರದ ಸೊಕ್ಕು ಮುರಿಯಿತು. ಅವನ ಕಡೆಯವರು ಅವನಿಗಾಗಿ ಧಾರವಾಡದಲ್ಲಿ ಸ್ಮಾರಕ ಎಬ್ಬಿಸಿದರು. ನಮ್ಮ ರಾಣಿಯ ವೈರಿಯ ಗುರುತು ಅದು. ಆದರೂ ಆ ಕಲ್ಲು ಉಳಿದಿರುವುದು ಒಳ್ಳೆಯದೇ ಆಯಿತು. ಚೆನ್ನಮ್ಮ ಗೆದ್ದಳೆಂದು ನಾವು ಲಾವಣಿ ಹಾಡಿದರೆ ಹಾಡು ಎಂದು ತಳ್ಳಿಹಾಕಬಹುದು, ವೈರಿಯೇ ತನ್ನ ಸತ್ತವನಿಗೆ ನೆಟ್ಟ ಕಲ್ಲನ್ನು ತಳ್ಳಿಹಾಕಲು ಬರುವುದಿಲ್ಲ.

ದಿಲ್ಲಿಯಲ್ಲಿ ಇನ್ನೂ ನೇರವಾದ ಮಾದರಿ ಇದೆ. 1857ರ ದಂಗೆಯನ್ನು ಹತ್ತಿಕ್ಕಿದ ಮೇಲೆ ಬ್ರಿಟಿಷರು ತಮ್ಮ ಕಡೆ ಸತ್ತವರಿಗಾಗಿ 1863ರಲ್ಲಿ ಉತ್ತರ ದಿಲ್ಲಿಯ ದಿಣ್ಣೆಯ ಮೇಲೆ ಒಂದು ಗೋಪುರ ಕಟ್ಟಿಸಿದರು. ಅದರ ಮೇಲೆ ನಮ್ಮ ಸಿಪಾಯಿಗಳನ್ನು ಶತ್ರುಗಳೆಂದು ಬರೆದಿದೆ. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಕೆಡವಬಹುದಿತ್ತು. ಕೆಡವಲಿಲ್ಲ. ಸ್ವಾತಂತ್ರ್ಯದ 25ನೆಯ ವರ್ಷ, 1972ರಲ್ಲಿ, ಅದಕ್ಕೆ ಅಜಿತಗಢ ಎಂದು ಹೆಸರಿಟ್ಟು ಮಗ್ಗುಲಲ್ಲಿ ಹೊಸ ಫಲಕ ಹಾಕಿದರು. ಹಳೆಯ ಬರಹದಲ್ಲಿ ಶತ್ರುಗಳೆಂದು ಕರೆದವರು ಪರಕೀಯ ಆಳ್ವಿಕೆಯ ವಿರುದ್ಧ ಎದ್ದು ನಿಂತು ಕಾದಾಡಿದ ವೀರರು ಎಂಬ ಅರ್ಥದ ಮಾತು ಅದರಲ್ಲಿದೆ. ಇಂದು ಅಲ್ಲಿಗೆ ಹೋದವರು ಎರಡನ್ನೂ ಓದುತ್ತಾರೆ. ಅದಕ್ಕೆ ವಿರುದ್ಧವಾಗಿ, ಕಾನಪುರದ ಉದ್ಯಾನದಲ್ಲಿ 1857ರಲ್ಲಿ ಸತ್ತ ತಮ್ಮವರಿಗಾಗಿ ಬ್ರಿಟಿಷರು ಬಾವಿಯ ಮೇಲೆ ಎಬ್ಬಿಸಿದ್ದ ಸ್ಮಾರಕದ ದೇವದೂತಿಯ ಮೂರ್ತಿಯನ್ನು 1949ರ ಹೊತ್ತಿಗೆ ಒಂದು ಚರ್ಚಿನ ಅಂಗಳಕ್ಕೆ ಸಾಗಿಸಿದರು. ಉದ್ಯಾನಕ್ಕೆ ಈಗ ಆ ದಂಗೆಯ ಮುಂದಾಳು ನಾನಾರಾವ್ ಹೆಸರಿದೆ, ಅದು ಸರಿಯಾದದ್ದೇ. ಆದರೆ ನಡೆದದ್ದು ಒಂದು ಕಡೆ, ಅದರ ಗುರುತು ಇನ್ನೊಂದು ಕಡೆ ಆಯಿತು. ನಮ್ಮ ತೋಪಿಗೆ ದಿಲ್ಲಿಯ ದಾರಿ ಬೇಕು.

ತಾಳಿಕೋಟೆಯ ಮಾತೇ ಬೇಡ ಎನ್ನುವ ಗೆಳೆಯರಿಗೂ ನೇರವಾಗಿ ಹೇಳಬೇಕಾಗಿದೆ. ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಒಂದು ಫಲಕದ ಒಂದು ಸಾಲು ಹಿಡಿದು ಓಣಿಯೊಳಗೆ ಕಲಹ ಹಚ್ಚುವವರು ಇದ್ದಾರೆ. ಆದರೆ ನೀವು ಮುಚ್ಚಿಟ್ಟದ್ದನ್ನು ಅವರು ತಮಗೆ ಬೇಕಾದ ಹಾಗೆ ಹೇಳುತ್ತಾರೆ. ಮೊಬೈಲಿನಲ್ಲಿ ಬರುವ ಸಂದೇಶದಲ್ಲಿ ಮುರಾರಿ ಪಂಡಿತ ಇರುವುದಿಲ್ಲ, ಸೊಲ್ಲಾಪುರದ ಜಗಳ ಇರುವುದಿಲ್ಲ, ಔರಂಗಜೇಬನ ಬರಹ ಇರುವುದಿಲ್ಲ. ಪೂರ್ತಿ ಕಥೆ ಬುರುಜಿನ ಮೇಲೆ ಕಣ್ಣೆದುರಿಗೆ ಸಿಕ್ಕರೆ ಅರ್ಧ ಕಥೆ ಹೇಳುವವರಿಗೆ ಕಷ್ಟವಾಗುತ್ತದೆ. ಬಲು ದೊಡ್ಡ ತೋಪು ಎಂದು ಹೇಳಿ ಕಳಿಸಿದರೆ ಬಂದವರಿಗೆ ಏನು ಸಿಕ್ಕಂತಾಯಿತು? ಉದ್ದ, ತೂಕ. ಯಾವ ಗುಜರಿ ಅಂಗಡಿಯಲ್ಲಿ ಕೇಳಿದರೂ ತೂಕ ಹೇಳುತ್ತಾರೆ.

ಗುಜರಿಯ ಮಾತು ಬಂದದ್ದಕ್ಕೆ ಇನ್ನೊಂದು ಪ್ರಸಂಗ. ಬ್ರಿಟಿಷರು 1820ರ ದಶಕದಲ್ಲಿ ಈ ತೋಪನ್ನು ವಿಲಾಯತಿಗೆ ಸಾಗಿಸಿ ತಮ್ಮ ದೊರೆಗೆ ಕಾಣಿಕೆ ಕೊಡಬೇಕೆಂದು ಯೋಚಿಸಿದ್ದರು. ಸಮುದ್ರದವರೆಗೆ ಒಯ್ಯಲು ತಕ್ಕ ರಸ್ತೆಯಿಲ್ಲದೆ ಬಿಟ್ಟರು. ಸಾತಾರಾ ಸಂಸ್ಥಾನ ಅವರ ಕೈಸೇರಿದ ಮೇಲೆ, 1854ರಲ್ಲಿ, ಅಲ್ಲಿಯ ಕಮಿಷನರ್ ಇಲ್ಲಿಯ ಹಳೆಯ ಲೋಹದ ಸಾಮಾನುಗಳನ್ನು ಲಿಲಾವು ಮಾಡಲು ಹುಕುಂ ಕೊಟ್ಟ. ಮಲಿಕ್-ಎ-ಮೈದಾನಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಈ ಬೆಲೆ ತೀರ ಕಡಿಮೆ, ಮೇಲಾಗಿ ಈ ತೋಪಿನ ಮೇಲೆ ಜನರಿಗೆ ಭಕ್ತಿಯಿದೆ ಎಂದು ಸ್ಥಳೀಯ ಅಧಿಕಾರಿಗಳು ಮೇಲಕ್ಕೆ ವರದಿ ಮಾಡಿದ್ದರಿಂದ ಮಾರಾಟ ನಿಂತಿತು. ಆ ಕಾಲದ ಪ್ರವಾಸಿಗರು ಬರೆದಿಟ್ಟಿದ್ದಾರೆ: ಊರಿನ ಹಿಂದೂಗಳು ಬಂದು ತೋಪಿಗೆ ಎಣ್ಣೆ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಿದ್ದರು. ಕುಲುಮೆಯ ಪಾಲಾಗಬೇಕಿದ್ದ ತೋಪು ಉಳಿದದ್ದು ಹೀಗೆ. ನಮ್ಮ ಮುತ್ತಜ್ಜಂದಿರು ಉಳಿಸಿಕೊಂಡದ್ದನ್ನು ನಾವು ಇಂದು 'ಎತ್ತಿಹಾಕಿ' ಎನ್ನುತ್ತಿದ್ದೇವೆ.

ಎತ್ತಲು ಕಾನೂನೂ ಬಿಡುವುದಿಲ್ಲ. ಇದು ಕೇಂದ್ರ ಸರಕಾರ ರಕ್ಷಿಸಿದ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂಥ ಸ್ಮಾರಕಕ್ಕೆ ಧಕ್ಕೆ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ಕಾಯ್ದೆ ಕೋಟೆಗೋಡೆಯ ಮೇಲೆ ಕೀಲಿಕೈಯಿಂದ ತಮ್ಮ ಹೆಸರನ್ನೂ ಪ್ರೀತಿಸಿದವರ ಹೆಸರನ್ನೂ ಗೀಚುವವರಿಗೂ ಅನ್ವಯಿಸುತ್ತದೆ. ಕಾನೂನಿನ ಮಾತನ್ನು ನಾನು ಇಲ್ಲಿಗೇ ಬಿಡುತ್ತೇನೆ. ಜನ ಒಪ್ಪದಿದ್ದರೆ ಯಾವ ಕಾಯ್ದೆಯೂ ಕಂಚನ್ನು ಕಾಯುವುದಿಲ್ಲ.

ಈಗ ಅಧಿಕಾರಿಗಳಲ್ಲಿ ನನ್ನ ಬೇಡಿಕೆ. ತೋಪಿನ ಮೇಲಿನ ಪ್ರತಿಯೊಂದು ಬರಹದ ಛಾಯಾಚಿತ್ರ, ಅದರ ಫಾರಸಿ ಪಾಠ, ಪೂರ್ತಿ ಕನ್ನಡ ಅನುವಾದ ಇವು ತೋಪಿನ ಪಕ್ಕದಲ್ಲೇ, ಸಿಂಹದ ಮುಖದಿಂದ ಹಿಂಬದಿಯವರೆಗೆ ಅವು ಇರುವ ಕ್ರಮದಲ್ಲೇ ಇರಲಿ. ಓದುವವನು ಒಂದು ಹೆಜ್ಜೆ ಮುಂದಿಟ್ಟರೆ ಅಲ್ಲಿಯ ಬರಹದ ಅರ್ಥ ಅಲ್ಲಿಯೇ ಸಿಗಬೇಕು. ಕನ್ನಡ ಮೊದಲಿರಲಿ, ದೊಡ್ಡ ಅಕ್ಷರದಲ್ಲಿರಲಿ. ಬರುವವರಲ್ಲಿ ಹೆಚ್ಚಿನವರು ಸಿಂದಗಿ, ಇಂಡಿ, ಜಮಖಂಡಿ ಕಡೆಯ ಶಾಲಾ ಮಕ್ಕಳು, ಅವರ ಮಾಸ್ತರರು, ಜಾತ್ರೆ ಮುಗಿಸಿ ಬರುವ ಹಳ್ಳಿಯ ಜನ. ದೃಷ್ಟಿಯಿಲ್ಲದವರಿಗಾಗಿ ಬರಹದ ಒಂದು ಉಬ್ಬುಪ್ರತಿ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ನನಗೆ ಹೆಚ್ಚು ಮುಖ್ಯ. ತಾಳಿಕೋಟೆಯ ಯುದ್ಧವೆಂದು ಕರೆಯುವ ಆ ಕಾಳಗ ನಡೆದ ನೆಲ ದೂರದಲ್ಲಿಲ್ಲ. ರಕ್ಕಸಗಿ, ತಂಗಡಗಿ ಎರಡೂ ನಮ್ಮದೇ ಜಿಲ್ಲೆಯ ಊರುಗಳು. ತಂಗಡಗಿಯಲ್ಲಿ ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳವಿದೆ, ಆಚೆ ದಂಡೆಗೆ ಕೂಡಲಸಂಗಮ. ಶರಣರ ನೆಲವಾಗಿ ನಾವು ಅಲ್ಲಿಗೆ ಹೋಗುತ್ತೇವೆ, ಬುತ್ತಿ ಬಿಚ್ಚಿ ಊಟ ಮಾಡಿ ಬರುತ್ತೇವೆ. 1565ರಲ್ಲಿ ಅಲ್ಲಿ ಸತ್ತವರು ಯಾರು? ಎರಡೂ ಕಡೆ ಕೂಲಿಗೆ ಬಂದ ಕಾಲಾಳುಗಳು, ಎತ್ತು ಹೊಡೆಯುವವರು, ಕುದುರೆಗೆ ಹುಲ್ಲು ತರುವವರು, ಕನ್ನಡ, ಮರಾಠಿ, ತೆಲುಗು, ದಖನಿ ಆಡುವ ಮಂದಿ. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠಾ ಸವಾರರಿದ್ದರು. ಆ ಸತ್ತವರಿಗಾಗಿ ಬುರುಜಿನ ಫಲಕದಲ್ಲಿ ಒಂದು ಭಾಗ ಮೀಸಲಿಡಿ. ಅದರಲ್ಲಿ ತಂಗಡಗಿಯ ದಾರಿಯ ನಕ್ಷೆ ಇರಲಿ. ತೋಪು ನೋಡಿದ ಮಕ್ಕಳ ಬಸ್ಸು ಹೊಳೆದಂಡೆಗೂ ಹೋಗಿ ಬರುವಂತೆ ಶಿಕ್ಷಣ ಇಲಾಖೆ ಶೈಕ್ಷಣಿಕ ಪ್ರವಾಸದ ಯಾದಿಯಲ್ಲಿ ಎರಡನ್ನೂ ಜೋಡಿಸಲಿ. ಗೆದ್ದವರ ತೋಪಿಗೆ ಬುರುಜು ಸಿಕ್ಕಿದೆ, ಸತ್ತವರಿಗೆ ಒಂದು ದಾರಿಯಾದರೂ ಸಿಗಲಿ.

ತೋಪಿನ ಮೇಲೆ ಯಾವ ಬಣ್ಣದ ಬಾವುಟವೂ ಬೇಡ, ಯಾವ ಪಕ್ಷದ, ಯಾವ ಸಂಘದ ಕಾರ್ಯಕ್ರಮಕ್ಕೂ ಅದು ವೇದಿಕೆಯಾಗುವುದು ಬೇಡ. ನವರಸಪುರ ಉತ್ಸವದಂಥ ಸಂದರ್ಭಗಳಲ್ಲಿ ದೀಪಾಲಂಕಾರ ಮಾಡುವವರು ಸಿಂಹದ ಬಾಯಿಯೊಳಗೆ ಕೆಂಪು ಬಲ್ಬು ಇಟ್ಟು ಬೆಂಕಿ ಉಗುಳುವ ಆಟ ತೋರಿಸುವ ಯೋಚನೆಯನ್ನು ಎಂದೂ ಮಾಡದಿರಲಿ.

ಈ ಫಲಕದ ಪಠ್ಯವನ್ನು ಯಾವುದೋ ಊರಿನಲ್ಲಿ ಕುಳಿತವರು ಇಂಗ್ಲಿಷಿನಲ್ಲಿ ಬರೆದು ಇಲ್ಲಿ ಯಂತ್ರದಿಂದ ಕನ್ನಡಕ್ಕೆ ತಿರುಗಿಸುವುದು ಆಗಬಾರದು. ಊರಿನ ಫಾರಸಿ ಬಲ್ಲ ಮೌಲವಿಗಳು, ಕಾಲೇಜುಗಳ ಇತಿಹಾಸದ ಅಧ್ಯಾಪಕರು, ಮುದ್ದೇಬಿಹಾಳ ಮತ್ತು ತಾಳಿಕೋಟೆಯ ಕಡೆಯ ಹಿರಿಯರು ಒಂದು ಕಡೆ ಕುಳಿತು ಕರಡು ತಯಾರಿಸಲಿ. ಅದನ್ನು ತಿಂಗಳೊಪ್ಪತ್ತು ಸಾರ್ವಜನಿಕರ ಮುಂದಿಡಿ. ಆಕ್ಷೇಪಣೆ ಇದ್ದವರು ಬರೆದು ಕೊಡಲಿ, ಆಧಾರ ಕೊಟ್ಟು ವಾದಿಸಲಿ. ತೋಪು ಎತ್ತಬೇಕೆನ್ನುವವರನ್ನೂ ಆ ಸಭೆಗೆ ಕರೆಯಿರಿ, ತಾಳಿಕೋಟೆಯ ಮಾತು ಬೇಡ ಎನ್ನುವವರನ್ನೂ ಕರೆಯಿರಿ. ನನ್ನನ್ನು ಕರೆದರೆ ನನ್ನ ಟಿಪ್ಪಣಿ ಪುಸ್ತಕಗಳೊಂದಿಗೆ ಬರುತ್ತೇನೆ, ಯಾವ ಸಂಭಾವನೆಯೂ ಬೇಕಿಲ್ಲ. ಸಭೆಯ ದಿನಾಂಕವನ್ನು ಪತ್ರಿಕೆಗಳ ಮೂಲಕ ತಿಳಿಸಬೇಕೆಂದು ಜಿಲ್ಲಾಡಳಿತವನ್ನು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ,
ವಿಜಯಪುರ